ಸ್ಟೀರಿಂಗ್‌ನ ಸದ್ದು ಹುಡುಕಿದ ಬಗೆ

ನಮ್ಮದು ತೀರ್ಥಹಳ್ಳಿ, ನೆಂಟರಿಷ್ಟರೆಲ್ಲ ಉಡುಪಿಯ ಕಡೆಯವರು. ಹೀಗಾಗಿ ತಿಂಗಳಿಗೆರಡು ಸಲವಾದರೂ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸುವ ಕೆಲಸ ನನಗೆ ತಪ್ಪಿದ್ದಲ್ಲ. 92,000 ಕಿಲೋಮೀಟರ್ ಓಡಿದ್ದ ನಮ್ಮ ಏಳು ಸೀಟಿನ ಡೀಸೆಲ್ ಎಸ್‌ಯುವಿ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಆ ತಿರುವುಗಳಲ್ಲಿ ಸದ್ದು ಮಾಡತೊಡಗಿತು. ಸರ್ವಿಸ್‌ಗೆ ಒಯ್ದಾಗ, ಒಂದು ಸುತ್ತು ಓಡಿಸಿ ನೋಡಿದವರು ಸ್ಟೀರಿಂಗ್ ರ‍್ಯಾಕ್ (ಸ್ಟೀರಿಂಗ್ ತಿರುಗಿದಂತೆ ಮುಂದಿನ ಚಕ್ರಗಳನ್ನು ಹೊರಳಿಸುವ ಹಲ್ಲುಪಟ್ಟಿ) ಹೋಗಿದೆಯೆಂದೂ ಅದನ್ನು ಬದಲಿಸಲು 38,000 ರೂಪಾಯಿ ಆಗುತ್ತದೆಂದೂ ಹೇಳಿದರು. ನಾನು ಮೆಕ್ಯಾನಿಕ್ ಅಲ್ಲ. ಆದರೆ ನನ್ನ ವಾಹನಗಳ ಸಣ್ಣಪುಟ್ಟ ರಿಪೇರಿಯನ್ನು ಬಹಳ ವರ್ಷಗಳಿಂದ ನಾನೇ ಮಾಡಿಕೊಂಡು ಬಂದವನು. ಅಷ್ಟು ಹಣ ಕೊಡುವ ಮೊದಲು ಸದ್ದಿನ ಮೂಲವನ್ನು ಕಣ್ಣಾರೆ ನೋಡಬೇಕೆನ್ನಿಸಿತು.

ಆರಂಭದಲ್ಲೇ ಒಂದು ತಪ್ಪು ಮಾಡಿದೆ. ಕೈಗೆ ಸಿಕ್ಕಿದ ಸ್ಪ್ರೇ ಎಣ್ಣೆಯನ್ನು ಕಂಡ ಕಂಡ ಜಾಯಿಂಟಿಗೆಲ್ಲ ಹೊಡೆದೆ. ಎರಡು ದಿನ ಸದ್ದು ಅಡಗಿತು, ಮೂರನೆಯ ದಿನ ಮರಳಿತು. ಯಾವ ಜಾಯಿಂಟು ಎಣ್ಣೆ ಕುಡಿದು ಸುಮ್ಮನಾಗಿತ್ತು ಎಂಬುದು ಮಾತ್ರ ತಿಳಿಯಲಿಲ್ಲ. ಎಲ್ಲವನ್ನೂ ಒರೆಸಿ, ಒಂದು ವಾರ ಓಡಿಸಿ, ಸದ್ದು ಯಾವ ಯಾವ ಸ್ಥಿತಿಯಲ್ಲಿ ಬರುತ್ತದೆ ಎಂಬುದನ್ನಷ್ಟೇ ಬರೆದಿಟ್ಟುಕೊಂಡೆ: ಎಂಜಿನ್ ಚಾಲೂ ಇದ್ದಾಗಲೋ ಆಫ್ ಆಗಿದ್ದಾಗಲೋ, ಗಾಡಿ ನಿಂತಾಗಲೋ ಚಲಿಸುವಾಗಲೋ, ನುಣುಪು ರಸ್ತೆಯಲ್ಲೋ ಹೊಂಡದಲ್ಲೋ. ನಾವು ಒಂದೇ ಎಂದುಕೊಂಡಿದ್ದ ಸದ್ದು ಮೂರಾಗಿತ್ತು.

ಮೊದಲನೆಯದು ಬೆಳಗಿನ ಚಳಿಯಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಬರುವ ‘ಗೊಂಯ್’ ಎಂಬ ನರಳಾಟ. ಎಂಜಿನ್ ಆಫ್ ಮಾಡಿದರೆ ಅದು ಇಲ್ಲ. ಅಂದರೆ ಪವರ್ ಸ್ಟೀರಿಂಗ್ ಪಂಪಿಗೆ ಸಂಬಂಧಿಸಿದ್ದು. ನಮ್ಮದು ಹೈಡ್ರಾಲಿಕ್ ಸ್ಟೀರಿಂಗ್, ಪಂಪು ಒತ್ತುವ ಎಣ್ಣೆಯ ಬಲದಿಂದ ಹಗುರಾಗಿ ತಿರುಗುವಂಥದ್ದು. ಆ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದರೆ ಎಣ್ಣೆ ಕನಿಷ್ಠ ಗೆರೆಗಿಂತ ಕೆಳಗಿತ್ತು, ಮೇಲೆ ನೊರೆ ಕಟ್ಟಿತ್ತು. ಡಬ್ಬಿಯಿಂದ ಪಂಪಿಗೆ ಹೋಗುವ ಪೈಪಿನ ಕ್ಲಿಪ್ಪು ಸಡಿಲವಾಗಿ ಗಾಳಿ ಒಳಗೆ ಎಳೆದುಕೊಳ್ಳುತ್ತಿತ್ತು. ಹೊರಗೆ ಎಣ್ಣೆ ತೊಟ್ಟಿಕ್ಕಿರಲಿಲ್ಲ, ಕೇವಲ ಧೂಳು ಮೆತ್ತಿದ ತೇವದ ಉಂಗುರವಿತ್ತು. ಹೊಸ ಕ್ಲಿಪ್ಪು ಹಾಕಿ, ಮ್ಯಾನುಯಲ್ ಹೇಳಿದ ಎಣ್ಣೆಯನ್ನೇ ತುಂಬಿಸಿ, ಮುಂದಿನ ಚಕ್ರಗಳೆರಡನ್ನೂ ಸ್ಟ್ಯಾಂಡಿನ ಮೇಲೆ ಎತ್ತಿ, ಎಂಜಿನ್ ಚಾಲೂ ಮಾಡದೆಯೇ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ಇಪ್ಪತ್ತು ಸಲ ತಿರುಗಿಸಿ ಗಾಳಿ ಹೊರಹಾಕಿದೆ. ಆಮೇಲೆ ಎಂಜಿನ್ ಚಾಲೂ ಮಾಡಿ ಇನ್ನಷ್ಟು ಸಲ ತಿರುಗಿಸಿದ್ದಾಯಿತು. ಕೊನೆಯ ಬಿಂದುವಿನಲ್ಲಿ ಸ್ಟೀರಿಂಗನ್ನು ಒತ್ತಿ ಹಿಡಿಯಬಾರದು. ಪಂಪು ಬೇಗ ಬಿಸಿಯಾಗುತ್ತದೆ.

ಎರಡನೆಯದು ಗಾಡಿ ನಿಂತಲ್ಲೇ ತಿರುಗಿಸಿದಾಗ ಬರುವ ‘ಟಣ್’. ಮಗಳು ಸ್ಟೀರಿಂಗ್ ತಿರುಗಿಸುತ್ತಿದ್ದಾಗ ನಾನು ಎಡಗಡೆಯ ಸ್ಪ್ರಿಂಗಿನ ಮೇಲೆ ಬೆರಳಿಟ್ಟೆ. ಚಕ್ರದ ಜೊತೆ ಸಲೀಸಾಗಿ ತಿರುಗಬೇಕಾದ ಸ್ಪ್ರಿಂಗು ಸ್ವಲ್ಪ ಹೊತ್ತು ಬಿಗಿದು ನಿಂತು, ಒಮ್ಮೆಲೇ ಜಿಗಿಯುತ್ತಿತ್ತು. ಸ್ಟ್ರಟ್ಟಿನ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಕಂಬದ) ಮೇಲ್ತುದಿಯ ಬೇರಿಂಗು ಹಿಡಿದುಕೊಂಡಿತ್ತು. ಇದನ್ನು ನಾನು ಬಿಚ್ಚಲಿಲ್ಲ. ಒತ್ತಿ ಹಿಡಿದ ಸ್ಪ್ರಿಂಗು ಕೈತಪ್ಪಿದರೆ ಮುಖ ಉಳಿಯುವುದಿಲ್ಲ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸರಿಯಾದ ಕಂಪ್ರೆಸರ್ ಇರುವ ಗ್ಯಾರೇಜಿನವರೇ ಎರಡೂ ಕಡೆಯ ಬೇರಿಂಗು ಬದಲಿಸಿದರು. ಹಳೆಯದರೊಳಗಿನ ಗ್ರೀಸು ಮಲೆನಾಡಿನ ಕೆಂಪು ಮಣ್ಣಿನೊಡನೆ ಬೆರೆತು ಇಟ್ಟಿಗೆಯಂತೆ ಗಟ್ಟಿಯಾಗಿತ್ತು.

ಹೆಚ್ಚು ಕಾಡಿದ್ದು ಮೂರನೆಯದು. ಹದಗೆಟ್ಟ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಬರುವ ‘ಕಟಕಟ’, ಅದೂ ಅಂಗೈಗೆ ತಾಕುವಂತೆ. ಗಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ಸರಳನ್ನು ಜೋಡಿಸುವ ಸ್ಟೆಬಿಲೈಸರ್ ಲಿಂಕ್ ಎಂದುಕೊಂಡು ಎರಡನ್ನೂ ಬದಲಿಸಿದೆ. ಸದ್ದು ಹಾಗೆಯೇ ಉಳಿಯಿತು. ಲಿಂಕಿನ ಸದ್ದು ಕಿವಿಗೆ ಬರುತ್ತದೆ, ಅಂಗೈಗೆ ಅಷ್ಟಾಗಿ ಬರುವುದಿಲ್ಲ ಎಂಬುದನ್ನು ಆಗಲೇ ಯೋಚಿಸಬೇಕಿತ್ತು. ಕೊನೆಗೆ ಚಕ್ರಗಳು ನೆಲದ ಮೇಲೇ ಇರುವಂತೆ ಬಿಟ್ಟು (ಜಾಕ್ ಮೇಲೆ ಎತ್ತಿದರೆ ಭಾರ ಹೋಗಿ ಸದ್ದೂ ಹೋಗುತ್ತದೆ), ಎಂಜಿನ್ ಆಫ್ ಮಾಡಿ, ಸ್ಟೀರಿಂಗನ್ನು ಎಡಬಲಕ್ಕೆ ಎರಡೆರಡು ಇಂಚಷ್ಟೇ ಆಡಿಸಲು ಮಗಳಿಗೆ ಹೇಳಿ, ಒಂದೊಂದೇ ಜಾಯಿಂಟನ್ನು ಮುಷ್ಟಿಯಲ್ಲಿ ಹಿಡಿದು ನೋಡಿದೆ. ಚಕ್ರಗಳನ್ನು ಎಳೆದು ತಿರುಗಿಸುವ ಟೈ ರಾಡ್‌ಗಳ ತುದಿಗಳು ಬಿಗಿಯಾಗಿದ್ದವು. ರ‍್ಯಾಕಿನಲ್ಲೂ ಸಡಿಲವಿರಲಿಲ್ಲ. ಸ್ಟೀರಿಂಗ್ ಕಂಬವನ್ನು ರ‍್ಯಾಕಿಗೆ ಜೋಡಿಸುವ ನಡುವಿನ ಶಾಫ್ಟಿನ ಕೆಳಗಿನ ಯೂನಿವರ್ಸಲ್ ಜಾಯಿಂಟಿನಲ್ಲಿ (ಓರೆಯಾಗಿಯೂ ತಿರುಗಬಲ್ಲ ಕೀಲಿನಲ್ಲಿ) ಮೇಲಿನ ಭಾಗ ಕೂದಲೆಳೆಯಷ್ಟು ಮೊದಲು ಹೊರಳಿ, ಆಮೇಲೆ ಕೆಳಗಿನದು ಹಿಂಬಾಲಿಸುತ್ತಿತ್ತು. ರ‍್ಯಾಕ್ ಎಂದು ಹೇಳಿದವರಿಗೆ ಕೇಳಿಸಿದ್ದು ಇದೇ ಸದ್ದು ಇರಬೇಕು. ಎರಡರ ನಡುವೆ ಒಂದು ಗೇಣು ಅಂತರವೂ ಇಲ್ಲ.

ಶಾಫ್ಟ್ ಬದಲಿಸುವುದು ಎರಡು ಬೋಲ್ಟಿನ ಕೆಲಸ, ಎಚ್ಚರಿಕೆ ಮಾತ್ರ ಜಾಸ್ತಿ ಬೇಕು. ಚಕ್ರಗಳನ್ನು ನೇರವಾಗಿಟ್ಟು, ಸ್ಟೀರಿಂಗ್ ಅಲುಗದಂತೆ ಸೀಟ್‌ಬೆಲ್ಟಿನಿಂದ ಕಟ್ಟಿ, ಎರಡೂ ತುದಿಗಳಲ್ಲಿ ಬಿಳಿ ಬಣ್ಣದ ಗುರುತು ಹಾಕಿಕೊಂಡೆ. ಶಾಫ್ಟ್ ಕಳಚಿದ ಮೇಲೆ ಸ್ಟೀರಿಂಗ್ ಸುತ್ತಿಬಿಟ್ಟರೆ ಅದರೊಳಗೆ ಏರ್‌ಬ್ಯಾಗಿಗೂ ಹಾರ್ನಿಗೂ ಸಂಪರ್ಕ ಕೊಡುವ ಪಟ್ಟಿ ಹರಿದುಹೋಗಬಹುದು. ಹಳೆಯ ಬೋಲ್ಟುಗಳನ್ನು ಮತ್ತೆ ಬಳಸದೆ ಹೊಸವನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದೆ. ಸ್ಟ್ರಟ್ ಬಿಚ್ಚಿದ್ದರಿಂದ ವೀಲ್ ಅಲೈನ್‌ಮೆಂಟ್ ಕೂಡ ಮಾಡಿಸಬೇಕಾಯಿತು. ಫಲ ಕೊಡದ ಲಿಂಕುಗಳ ಬೆಲೆ ಸೇರಿಸಿದರೂ ಒಟ್ಟು ಖರ್ಚು ರ‍್ಯಾಕಿನ ಬೆಲೆಯ ಮೂರನೆಯ ಒಂದು ಭಾಗವನ್ನು ಮುಟ್ಟಲಿಲ್ಲ.

ಮರುವಾರ ಘಾಟಿ ಇಳಿಯುವಾಗ ಮೂರೂ ಇರಲಿಲ್ಲ. ಆ ಮೌನದಲ್ಲಿ, ಮೊದಲು ಕೇಳಿಸದಿದ್ದ ಕಾಗದ ಉಜ್ಜಿದಂಥ ಸರಸರ ಸ್ಟೀರಿಂಗಿನ ಹಿಂದಿನಿಂದ ಕೇಳಿಸಿತು. ಅದು ಆ ಸಂಪರ್ಕ ಪಟ್ಟಿಯದೇ ಇರಬೇಕು. ಹಾರ್ನ್ ಸರಿಯಾಗಿದೆ, ಏರ್‌ಬ್ಯಾಗ್ ದೀಪ ಉರಿದಿಲ್ಲ; ಸದ್ಯಕ್ಕೆ ಅದನ್ನು ಮುಟ್ಟಿಲ್ಲ.