ಗೃಹಪ್ರವೇಶ ಆಯಿತು, ಫೈನಲ್ ಬಿಲ್ ಬರಲಿಲ್ಲ

ನಾಗರಬಾವಿಯಲ್ಲಿ 30-40 ಸೈಟಿನಲ್ಲಿ ಮೂರಂತಸ್ತಿನ ಮನೆ ಕಟ್ಟಿಕೊಟ್ಟೆ. ಗೃಹಪ್ರವೇಶದ ದಿನ ಓನರ್ ಶಾಲು ಹೊದಿಸಿ ಹೋಳಿಗೆ ಊಟ ಹಾಕಿಸಿದರು. ಮರುವಾರದಿಂದ ಫೋನ್ ಎತ್ತಲಿಲ್ಲ. ಬಾಕಿ 4.20 ಲಕ್ಷ. ಸೆಂಟ್ರಿಂಗ್‌ನವನಿಗೆ, ಟೈಲ್ಸ್ ಅಂಗಡಿಗೆ ನನ್ನ ಜೇಬಿನಿಂದಲೇ ಕೊಟ್ಟೆ.

ಕ್ಯಾಲಿಫೋರ್ನಿಯಾದಲ್ಲಿರುವ ಭಾವಮೈದುನ "ಮೆಕ್ಯಾನಿಕ್ಸ್ ಲೀನ್ ಹಾಕಿ ಭಾವ" ಅಂದ. ಅಲ್ಲಿ ಕೆಲಸ ಮುಗಿದ 90 ದಿನದೊಳಗೆ ಕೌಂಟಿ ಕಚೇರಿಯಲ್ಲಿ ದಾಖಲಿಸಿದರೆ ಬಾಕಿ ಆ ಮನೆಯ ಮೇಲೇ ಕೂರುತ್ತದಂತೆ. ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಹತ್ತಿರ ಹೋಗಿ ಹಾಗೆ ಬರೆಸುವ ದಾರಿ ಇಲ್ಲ. ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ) ತೆಗೆಸಿದರೆ ಕಂಟ್ರಾಕ್ಟರ್ ಬಾಕಿ ಅದರಲ್ಲಿ ಕಾಣುವುದಿಲ್ಲ.

"ಗ್ರಿಲ್ ಬಿಚ್ಕೊಂಡು ಬರೋಣ ಸಾರ್" ಅಂದ ನನ್ನ ಮೇಸ್ತ್ರಿ. ಅದು ಮಾತ್ರ ಬೇಡ. ಆಮೇಲೆ ಪೊಲೀಸ್ ಕೇಸು ನಮ್ಮ ಮೇಲೇ.

ಮೊದಲು ಟೇಪ್ ಹಿಡಿದು ಅಳತೆ ತೆಗೆಯಿರಿ. ಒಪ್ಪಂದದಲ್ಲಿ ಇದ್ದ ಕೆಲಸ ಬೇರೆ ಹಾಳೆ, ಎಕ್ಸ್‌ಟ್ರಾ ಬೇರೆ ಹಾಳೆ. ಜಗಳ ಹುಟ್ಟುವುದೇ ಎಕ್ಸ್‌ಟ್ರಾದಲ್ಲಿ. "ಮಾಡ್ಬಿಡಿ, ಆಮೇಲೆ ನೋಡೋಣ" ಅಂತಾರೆ, ನಾವೂ ಸುಮ್ನೆ ಮಾಡ್ತೀವಿ, ಅಲ್ವಾ? ಹಾಳೆಗೆ ಓನರ್ ಸಹಿ ಕೇಳಿ. ಹಾಕದಿದ್ದರೆ ಬಿಲ್ಲನ್ನು ವಾಟ್ಸಾಪ್‌ನಲ್ಲಿ ಕಳಿಸಿ. ನಮ್ಮ ಓನರ್ "ಮುಂದಿನ ತಿಂಗಳು ಕ್ಲಿಯರ್ ಮಾಡ್ತೀನಿ" ಅಂತ ಬರೆದರು. ವಕೀಲರು ಅದನ್ನು ನೋಡಿ ನಕ್ಕರು, ಸಾಲ ಒಪ್ಪಿಕೊಂಡಂತೆ ಆಯಿತಲ್ಲ! ಸ್ಕ್ರೀನ್‌ಶಾಟ್ ಸಾಲದು, ಫೋನನ್ನೇ ಜೋಪಾನ ಮಾಡಿ. ಕೋರ್ಟಿಗೆ ಕೊಡುವಾಗ ಮೆಸೇಜ್ ಯಾವ ಫೋನಿಂದ ತೆಗೆದದ್ದು ಅಂತ ದೃಢೀಕರಿಸುವ, ಸಾಕ್ಷ್ಯ ಕಾನೂನಿನ 63ನೇ ಸೆಕ್ಷನ್ ಸರ್ಟಿಫಿಕೇಟ್ ಬೇಕು.

ಬಾಕಿಗೆ ಚೆಕ್ ಇಸ್ಕೊಂಡರೆ ಇನ್ನೂ ಒಳ್ಳೆಯದು. ಅದರ ಮೇಲಿನ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಬೌನ್ಸ್ ಆದರೆ, ಬ್ಯಾಂಕ್ ತಿಳಿಸಿದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಕೈಸೇರಿದ ಮೇಲೆ ಅವರಿಗೆ 15 ದಿನ ಸಮಯ. ಆಗಲೂ ಕೊಡದಿದ್ದರೆ ಒಂದು ತಿಂಗಳೊಳಗೆ ಕೋರ್ಟಿಗೆ ಚೆಕ್ ಬೌನ್ಸ್ ದೂರು, ಅಂದರೆ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ದೂರು.

ಚೆಕ್ ಇಲ್ಲದಿದ್ದರೆ ವಕೀಲರ ನೋಟಿಸ್, ಆಮೇಲೆ ದಾವೆ. ಕೆಲಸ ಮುಗಿದ ದಿನದಿಂದ 3 ವರ್ಷ ಗಡುವು. ಬಿಲ್ ಲೇಟಾಗಿ ಕೊಟ್ಟೆ ಅಂದರೆ ನಡೆಯುವುದಿಲ್ಲ. ಗಡುವು ಮುಗಿಯುವ ಮೊದಲೇ ಅವರು ಬಾಕಿ ಒಪ್ಪಿ ಸಹಿ ಹಾಕಿಕೊಟ್ಟರೆ ಅಲ್ಲಿಂದ ಮತ್ತೆ 3 ವರ್ಷ. ಬಾಕಿ 3 ಲಕ್ಷಕ್ಕಿಂತ ಕಮ್ಮಿ ಇಲ್ಲದಿದ್ದರೆ ಕಮರ್ಷಿಯಲ್ ಕೋರ್ಟ್. ತುರ್ತು ಆದೇಶ ಕೇಳದಿದ್ದರೆ ಅಲ್ಲಿ ದಾವೆಗೆ ಮೊದಲೇ ಮಧ್ಯಸ್ಥಿಕೆಗೆ ಹೋಗಲೇಬೇಕು. ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಬೇಕು.

ಓನರ್ ಮನೆ ಮಾರಿ ಜಾರಿಕೊಳ್ಳುತ್ತಿದ್ದಾರೆ ಅಂತ ತೋರಿಸುವ ದಾಖಲೆ ಇದ್ದರೆ, ತೀರ್ಪಿಗೂ ಮೊದಲೇ ಮನೆ ಜಪ್ತಿ ಮಾಡಿ ಅಂತ ಕೋರ್ಟನ್ನು ಕೇಳಬಹುದು. ಲೀನ್‌ಗೆ ಹತ್ತಿರದ್ದು ಇದೊಂದೇ. ಬರೀ ಅನುಮಾನಕ್ಕೆ ಕೊಡುವುದಿಲ್ಲ.

ನನ್ನದು ಮಧ್ಯಸ್ಥಿಕೆಯಲ್ಲೇ ಮುಗಿಯಿತು. ಮೂರು ಕಂತಿನಲ್ಲಿ 3.60 ಲಕ್ಷ ಬಂತು. ಸಂಪ್ ದೊಡ್ಡದು ಮಾಡಿದ 60 ಸಾವಿರ ಬಿಟ್ಟೆ. ಅದಕ್ಕೆ ಒಂದು ಸಹಿಯೂ ಇರಲಿಲ್ಲ, ಒಂದು ಮೆಸೇಜೂ ಇರಲಿಲ್ಲ.