ಸುಮ್ಮನೆ ಕೂರುವವರ ಎಡಿಎಚ್‌ಡಿ

ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಎಂದರೆ ಬೆಂಚಿನ ಮೇಲೆ ನಿಲ್ಲದ, ಕಂಡದ್ದನ್ನೆಲ್ಲ ಬಿಚ್ಚಿ ಹಾಕುವ ಹುಡುಗ ಎಂದೇ ನಾನೂ ತಿಳಿದಿದ್ದೆ. ನಾನಾದರೋ ಕೂತಲ್ಲಿಂದ ಏಳದ ಹುಡುಗಿ. ಶಾಲೆಯಲ್ಲಿ ನನ್ನಿಂದ ಯಾರಿಗೂ ತೊಂದರೆ ಇರಲಿಲ್ಲವಾದ್ದರಿಂದ ನನ್ನ ತೊಂದರೆಯೂ ಯಾರ ಕಣ್ಣಿಗೂ ಬೀಳಲಿಲ್ಲ. ಪ್ರಗತಿ ಪತ್ರದಲ್ಲಿ ವರ್ಷವೂ ಅದೇ ಷರಾ: ‘ಬುದ್ಧಿವಂತೆ, ಲಕ್ಷ್ಯ ಸಾಲದು.’ ಚಂಚಲತೆ ಇಲ್ಲದೆ, ಬರೀ ಗಮನ ಜಾರುವ ಬಗೆಯೂ ಇದರಲ್ಲಿ ಒಂದಿದೆ ಎಂದು ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ.

ಬಳ್ಳಾರಿಯಲ್ಲಿ ತೆರಿಗೆ ಸಲಹೆಗಾರ್ತಿಯಾಗಿದ್ದೇನೆ. ಕೌಲ್ ಬಜಾರ್ ಕಡೆಯ ಜೀನ್ಸ್ ಹೊಲಿಗೆ ಘಟಕಗಳವರೇ ನನ್ನ ಬಹುಪಾಲು ಕಕ್ಷಿದಾರರು. ಒಂದು ಪ್ಯಾಂಟು ಅಂಗಡಿ ಸೇರುವ ಮೊದಲು ಕಟಿಂಗ್, ಹೊಲಿಗೆ, ವಾಷಿಂಗ್, ಗುಂಡಿ ಎಂದು ನಾಲ್ಕಾರು ಕೈ ದಾಟುತ್ತದೆ. ಕೈಗೊಂದು ಚಲನ್, ಕೈಗೊಂದು ಬಿಲ್. ತಿಂಗಳ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕ ಒಪ್ಪಿಸುವ 3ಬಿ ರಿಟರ್ನ್. ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ವಹಿವಾಟೇ ಇಲ್ಲದವರಿಗೆ 20. ಮರೆವಿನವರಿಗೆ ಹೇಳಿಸಿದ ವೃತ್ತಿಯಲ್ಲ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗಡುವನ್ನು ಬೇರೆಯವರು ಹಾಕುವ ಕೆಲಸವೇ ನಮ್ಮಂಥವರಿಗೆ ಸರಿ. ‘ಯಾವಾಗಲಾದರೂ ಮಾಡಿ’ ಎಂದರೆ ನಾವು ಎಂದೂ ಮಾಡುವುದಿಲ್ಲ.

ಲಕ್ಷಣಗಳನ್ನು ಹೇಳಿದರೆ ‘ಇದೆಲ್ಲ ಎಲ್ಲರಿಗೂ ಇರುತ್ತದೆ’ ಎಂದು ಬಿಡುತ್ತಾರೆ. ನಿಜ, ಇರುತ್ತದೆ. ನನಗೆ ದಿನವೂ ಇತ್ತು. ಬಾಯಲ್ಲಿ ಮೂರು ಕೆಲಸ ಹೇಳಿದರೆ ಮೂರನೆಯದು ಕಿವಿಗೇ ಬಿದ್ದಿರುವುದಿಲ್ಲ. ಒಂದು ಸುತ್ತೋಲೆಯ ಒಂದೇ ಸಾಲನ್ನು ಮತ್ತೆ ಮತ್ತೆ ಓದಿ, ಕಣ್ಣು ಪುಟದ ಕೊನೆಗೆ ಬಂದಾಗ ತಲೆ ಇನ್ನೂ ಬಾಗಿಲಲ್ಲೇ ನಿಂತಿರುತ್ತದೆ. ಕೆಲಸ ಗೊತ್ತು, ಸಮಯವಿದೆ, ಮನಸ್ಸೂ ಇದೆ, ಆದರೂ ಶುರು ಮಾಡಲು ಆಗುವುದಿಲ್ಲ. ಅದೇ ನಾನು, ಖರೀದಿಯ ಲೆಕ್ಕ ಜಿಎಸ್‌ಟಿ ಪೋರ್ಟಲ್ ತೋರಿಸುವ ಖರೀದಿ ಪಟ್ಟಿ 2ಬಿ ಜೊತೆ ತಾಳೆಯಾಗದಿದ್ದರೆ ಅದರ ಬೆನ್ನು ಹತ್ತಿ ಊಟ ಬಿಟ್ಟು ಮಧ್ಯರಾತ್ರಿಯವರೆಗೂ ಕೂರುತ್ತಿದ್ದೆ. ‘ತನಗೆ ಬೇಕಾದರೆ ಮಾಡುತ್ತಾಳಲ್ಲ’ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಗಮನ ಇಲ್ಲವೆಂದಲ್ಲ, ಅದು ನನ್ನ ಮಾತು ಕೇಳುವುದಿಲ್ಲ.

ಮನೋವೈದ್ಯರ ಬಳಿ ಹೋದದ್ದು ನಿದ್ದೆ ಬಾರದ್ದಕ್ಕೆ, ರಿಟರ್ನ್ ಸಲ್ಲಿಸುವ ವಾರದಲ್ಲಿ ಎದೆ ಡವಗುಟ್ಟುತ್ತಿದ್ದುದಕ್ಕೆ. ಅವರು ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿದರು. ಗೊರಕೆ ಇದೆಯೇ, ಬೇಸರ ಎಷ್ಟು ದಿನದಿಂದ ಎಂದು ಕೇಳಿದರು. ರಕ್ತಹೀನತೆ, ನಿದ್ರಾದೋಷ, ಖಿನ್ನತೆ ಇವೆಲ್ಲವೂ ಗಮನವನ್ನು ತಿನ್ನುತ್ತವೆ, ಅವನ್ನು ಬಿಟ್ಟು ನೇರ ಎಡಿಎಚ್‌ಡಿ ಎನ್ನುವಂತಿಲ್ಲ. ಮೊಬೈಲಿನಲ್ಲಿ ನೂರು ಪ್ರಶ್ನಾವಳಿಗಳು ಸಿಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಆರು ಪ್ರಶ್ನೆಗಳ ಎಎಸ್‌ಆರ್‌ಎಸ್ ಕೂಡ ‘ವೈದ್ಯರ ಬಳಿ ಹೋಗಿ’ ಎಂದಷ್ಟೇ ಹೇಳಬಲ್ಲದು. ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5 ಪ್ರಕಾರ ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಿ ದೊಡ್ಡವರಿಗೆ ಐದಾದರೂ ಇರಬೇಕು, ಆರು ತಿಂಗಳು ಉಳಿದಿರಬೇಕು, ಮನೆ, ಕೆಲಸ ಹೀಗೆ ಎರಡಾದರೂ ಕಡೆ ತೊಡಕಾಗಿರಬೇಕು. ಜೊತೆಗೆ, ಅವುಗಳಲ್ಲಿ ಹಲವು ಹನ್ನೆರಡು ವರ್ಷ ತುಂಬುವ ಮೊದಲೇ ಕಂಡಿರಬೇಕು. ಹಾಗಾಗಿ ಡಾಕ್ಟರು ‘ಹಳೆಯ ಅಂಕಪಟ್ಟಿ ತನ್ನಿ, ತಾಯಿಯನ್ನೂ ಕರೆತನ್ನಿ’ ಎಂದರು.

ಅವ್ವ ಬಂದಳು. ‘ಚಿಕ್ಕವಳಿದ್ದಾಗ ಹೇಗಿದ್ದಳಮ್ಮ?’ ಎಂದು ಕೇಳಿದರೆ ‘ಬಂಗಾರದಂಥ ಹುಡುಗಿ ಸಾರ್, ಒಂದು ದಿನ ಹಟ ಮಾಡಿದವಳಲ್ಲ’ ಎಂದಳು. ನಾನು ನನ್ನ ಕೇಸು ಬಿತ್ತು ಎಂದುಕೊಂಡೆ. ಡಾಕ್ಟರು ಪ್ರಶ್ನೆ ತಿರುಗಿಸಿ, ಶಾಲೆಗೆ ಹೊರಡಿಸುವುದು ಹೇಗಿರುತ್ತಿತ್ತು ಎಂದರು. ಆಗ ಅವ್ವನ ಬಾಯಿ ಬಿಚ್ಚಿತು. ‘ಒಂದು ಕಾಲಿಗೆ ಸಾಕ್ಸ್ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಹೋಗಿ ಅಲುಗಾಡಿಸಬೇಕು. ಉಪ್ಪು ತಾ ಎಂದರೆ ಅಂಗಡಿಯವರೆಗೆ ಹೋಗಿ ಏನು ಎಂದು ಕೇಳಲು ವಾಪಸ್ ಬರುತ್ತಿದ್ದಳು. ಕಂಪಾಸ್ ಬಾಕ್ಸ್ ಎಷ್ಟು ಕೊಡಿಸಿದ್ದೇನೋ ಆ ದೇವರಿಗೇ ಗೊತ್ತು.’ ಡಾಕ್ಟರು ಬರೆದುಕೊಳ್ಳುತ್ತಲೇ ಇದ್ದರು. ಹೊರಗೆ ಬಂದ ಮೇಲೆ ಅವ್ವ ಕೇಳಿದ್ದು ಒಂದೇ: ‘ಹಂಗಾದರೆ ನಾನು ಬೈದದ್ದೆಲ್ಲ ದಂಡವೇ?’

ಮನೋವೈದ್ಯರ ಹತ್ತಿರ ಹೋಗುವುದನ್ನು ಊರಿನವರು ಈಗಲೂ ಪಿಸುಮಾತಿನಲ್ಲಿ ಆಡಿಕೊಳ್ಳುತ್ತಾರೆ. ಅದು ನನಗೆ ಸೋಜಿಗ. ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ತರುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ಶುರು ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಅದೇ ಮಾದರಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ಬೇರೆಡೆಗೂ ಹೋಯಿತು. ದೇಶಕ್ಕೆ ದಾರಿ ತೋರಿಸಿದ ಊರಿನವರು ನಾವು, ಮುಖ ಮುಚ್ಚಿಕೊಂಡು ಹೋಗಬೇಕೇ? ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಔಷಧಿಯಲ್ಲಿ ಮುಖ್ಯವಾಗಿ ಎರಡು ದಾರಿ. ಮಿಥೈಲ್‌ಫೆನಿಡೇಟ್ ನುಂಗಿದ ದಿನವೇ ಕೆಲಸ ಮಾಡುತ್ತದೆ, ಆದರೆ ಅದು ಔಷಧ ನಿಯಮಗಳ ಕಟ್ಟುನಿಟ್ಟಿನ ಎಕ್ಸ್ ಅನುಸೂಚಿಯಲ್ಲಿದೆ. ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ವೈದ್ಯರ ಚೀಟಿಯ ಪ್ರತಿಯನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಆಟೊಮಾಕ್ಸೆಟಿನ್ ಹಿಡಿತಕ್ಕೆ ಬರಲು ವಾರಗಳೇ ಬೇಕು. ನನ್ನ ರಕ್ತದೊತ್ತಡ, ನಾಡಿ ಎಲ್ಲ ನೋಡಿ ಡಾಕ್ಟರು ಎರಡನೆಯದನ್ನು ಬರೆದರು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ರೊಟ್ಟಿ ತಿಂದ ಮೇಲೆಯೇ ಸರಿ. ಬಾಯಿ ಒಣಗುತ್ತದೆ, ಬಳ್ಳಾರಿಯ ಏಪ್ರಿಲ್‌ನಲ್ಲಿ ಅದು ಔಷಧಿಯದೋ ಬಿಸಿಲಿನದೋ ಹೇಳುವುದು ಕಷ್ಟ. ಪರಿಣಾಮ ನಾಟಕೀಯವಾಗಿರಲಿಲ್ಲ. ಕೆಲಸ ಶುರು ಮಾಡುವಾಗಿನ ಆ ಗೋಡೆ ತಗ್ಗಿತು, ಅಷ್ಟೇ. ಆ ಅಷ್ಟೇ ನನಗೆ ಬಹಳ.

ಮಿಕ್ಕದ್ದನ್ನು ಕಚೇರಿಯೇ ಮಾಡಬೇಕಾಯಿತು. ನಾನು ಹಿಡಿದ ಸೂತ್ರ ಒಂದೇ: ನೆನಪಿಡಬೇಕಾದ್ದನ್ನು ತಲೆಯಲ್ಲಿಡಬಾರದು, ಕಣ್ಣೆದುರು ಇಡಬೇಕು. ಮುಚ್ಚಿದ ಕಪಾಟು ನನ್ನ ಪಾಲಿಗೆ ಬಾವಿ. ಹಾಗಾಗಿ ಕಪಾಟಿನ ಬಾಗಿಲು ತೆಗೆಸಿದೆ. ಗೋಡೆಗೆ ಮೊಳೆ ಹೊಡೆಸಿ, ಕಕ್ಷಿದಾರರ ಬಿಲ್ ಚೀಲಗಳನ್ನು ಹೆಸರು ಬರೆದು ತೂಗುಹಾಕಿದೆ. ರಿಟರ್ನ್ ಹೋದ ಚೀಲ ಎದುರಿನ ಗೋಡೆಗೆ ದಾಟುತ್ತದೆ. ಒಳಗೆ ಬಂದವರು ‘ಇದೇನಕ್ಕಾ, ದಲಾಲಿ ಅಂಗಡಿಯಂತಿದೆ’ ಎನ್ನುತ್ತಾರೆ. ಎನ್ನಲಿ. 20ರ ಹಿಂದಿನ ದಿನ ಯಾವ ಗೋಡೆಯಲ್ಲಿ ಎಷ್ಟು ಚೀಲ ಎಂದು ಕತ್ತೆತ್ತಿದರೆ ಸಾಕು.

ಎರಡನೆಯದು ಫೋನು. ಎಂಟ್ರಿ ಮಾಡುವಾಗ ಫೋನ್ ಬಂದರೆ, ಎತ್ತುವ ಮೊದಲು ಪಕ್ಕದ ಪುಸ್ತಕದಲ್ಲಿ ಮುಂದಿನ ಹೆಜ್ಜೆ ಬರೆಯುತ್ತೇನೆ: ‘ವಾಷಿಂಗ್ ಬಿಲ್ 43, ತೆರಿಗೆ ಕಾಲಂ’. ಎಲ್ಲಿದ್ದೆ ಎಂದು ಬರೆದರೆ ಉಪಯೋಗವಿಲ್ಲ. ಮುಂದೇನು ಎಂದು ಬರೆದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಪುಸ್ತಕ ಮೇಜಿನ ಕಾಲಿಗೆ ದಾರದಿಂದ ಕಟ್ಟಿದೆ, ಏಕೆಂದರೆ ಪುಸ್ತಕವೂ ಕಳೆಯುತ್ತದೆ. ಬಾಯಿಮಾತಿನ ಸೂಚನೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದೇನೆ. ‘ವಾಟ್ಸ್‌ಆ್ಯಪ್‌ನಲ್ಲಿ ಹಾಕಿ ಅಣ್ಣಾ, ಇಲ್ಲದಿದ್ದರೆ ನೀವು ಹೇಳಿಯೇ ಇಲ್ಲ’ ಎಂದು ನಗುತ್ತಲೇ ಹೇಳುತ್ತೇನೆ. ಯಾರೂ ತಪ್ಪು ತಿಳಿದಿಲ್ಲ.

ಗಡುವಿಗೆ ನಾಲ್ಕು ದಿನ ಮೊದಲೇ ನನ್ನದೊಂದು ಸುಳ್ಳು ಗಡುವು ಹಾಕಿ ನೋಡಿದೆ. ಸುಳ್ಳೆಂದು ನನಗೇ ಗೊತ್ತಿರುವಾಗ ಅದಕ್ಕೆ ಯಾರು ಹೆದರುತ್ತಾರೆ? ಅದರ ಬದಲು ಮನುಷ್ಯರನ್ನು ಕೂರಿಸಿಕೊಂಡೆ. ಒಂದು ಘಟಕದ ಹುಡುಗ ನಿಗದಿತ ಸಂಜೆ ಬಂದು ಬಿಲ್ ಓದುತ್ತಾನೆ, ನಾನು ಟೈಪ್ ಮಾಡುತ್ತೇನೆ. ಮನೆಯಲ್ಲಾದರೆ ಅವ್ವ ಎದುರಿಗೆ ಶೇಂಗಾ ಸುಲಿಯುತ್ತಾ ಕೂರುತ್ತಾಳೆ. ಅವಳಿಗೆ ಜಿಎಸ್‌ಟಿಯ ಗಂಧಗಾಳಿ ಇಲ್ಲ, ಬೇಕಾಗಿಯೂ ಇಲ್ಲ. ಪಕ್ಕದಲ್ಲಿ ಒಬ್ಬರು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರೆ ನನ್ನ ಗಮನ ಅಷ್ಟು ಸುಲಭಕ್ಕೆ ಎದ್ದು ಹೋಗುವುದಿಲ್ಲ. ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ಅಡುಗೆಮನೆಯಲ್ಲಿ ಒಲೆ ಹೊತ್ತಿದ್ದರೆ ಸೌಟು ನನ್ನ ಕೈಯಲ್ಲೇ ಇರುತ್ತದೆ, ಬಾಗಿಲು ತೆಗೆಯಲು ಹೋದರೂ. ಕೈಯಲ್ಲಿ ಸೌಟು ಕಂಡರೆ ಒಲೆಯ ನೆನಪು. ಬಣ್ಣಬಣ್ಣದ ದಿನಚರಿ ಪುಸ್ತಕ, ನಸುಕಿನಲ್ಲಿ ಏಳುವ ಶಪಥ, ಮೊಬೈಲ್ ಆ್ಯಪ್‌ಗಳು ಇವು ಯಾವುವೂ ನನಗೆ ಹತ್ತಲಿಲ್ಲ. ಆ್ಯಪ್ ನೋಡಲು ಮೊಬೈಲ್ ತೆಗೆದವಳು ಅರ್ಧ ಗಂಟೆ ಬಿಟ್ಟು ಸೀರೆ ನೋಡುತ್ತಿರುತ್ತೇನೆ.

ಇನ್ನು ಗಮನದ ಮಾತ್ರೆಯನ್ನೇ ಮರೆತರೆ? ಅದಕ್ಕೂ ವ್ಯವಸ್ಥೆ ಇದೆ. ಮಾತ್ರೆ ಇರುವುದು ರೊಟ್ಟಿಯ ಡಬ್ಬಿಯ ಮುಚ್ಚಳದ ಮೇಲೆ. ಹತ್ತರ ಹಾಳೆ ತಂದ ದಿನವೇ ಏಳನೆಯ ಕ್ಯಾಪ್ಸೂಲಿನ ಬೆನ್ನಿಗೆ ಕೆಂಪು ಪೆನ್ನಿನಿಂದ ಗೀಟು ಹಾಕುತ್ತೇನೆ. ಗೀಟು ಬಂದ ದಿನ ಹಾಳೆಯ ಫೋಟೊ ಔಷಧಿ ಅಂಗಡಿಯವರಿಗೆ ಹೋಗುತ್ತದೆ, ಮರುದಿನ ಅವರ ಹುಡುಗ ಹೊಸ ಹಾಳೆ ತಂದುಕೊಡುತ್ತಾನೆ.