ಕಿತ್ತಳೆ ಟೊಪ್ಪಿಗೆಯ ಸಿರಿಂಜು: ವಾರ್ಡಿನಲ್ಲಿ ತಪ್ಪಾದಾಗ ಏನು ಮಾಡಬೇಕು

ನಾನು ಇಂಡಿ ತಾಲ್ಲೂಕಿನವಳು. ಹತ್ತನೇ ತನಕ ಕನ್ನಡ ಮೀಡಿಯಂ. ಪಿಯುಸಿ ಮುಗಿಸಿ ವಿಜಯಪುರಕ್ಕೆ ಬಂದು ಬಿಎಸ್ಸಿ ನರ್ಸಿಂಗ್ ಸೇರಿದೆ. ಈಗ ಸ್ಟಾಫ್ ನರ್ಸ್. ನಮ್ಮ ವಾರ್ಡಿಗೆ ಪೋಸ್ಟಿಂಗ್ ಬರುವ, ನರ್ಸಿಂಗ್ ಓದುತ್ತಿರುವ ಹುಡುಗಿಯರಲ್ಲಿ ಯಾರಾದರೊಬ್ಬರು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದು ಹೊಸದಲ್ಲ. ಅವರು ಹೊರಗೆ ಬಂದ ಮೇಲೆ ನಾನು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನನ್ನ ತಪ್ಪು. ಎರಡನೇ ವರ್ಷ, ಏಪ್ರಿಲ್ ತಿಂಗಳು. ಬೆಳಿಗ್ಗೆ ಏಳೂವರೆಗೇ ಏಪ್ರನ್ ಬೆನ್ನಿಗೆ ಅಂಟಿತ್ತು. ಒಬ್ಬ ಅಜ್ಜಿಗೆ ತಿಂಡಿಗೆ ಮುಂಚೆ 20 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಬಾಟಲಿ 40ರದ್ದು, ಅಂದರೆ ಒಂದು ಎಂ.ಎಲ್.ನಲ್ಲಿ 40 ಯೂನಿಟ್. ಅದಕ್ಕೆ ಕೆಂಪು ಟೊಪ್ಪಿಗೆಯ ಸಿರಿಂಜೇ ಬೇಕು. ನಾನು ಟ್ರೇಯಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡೆ. ಅದು ಕಿತ್ತಳೆ ಟೊಪ್ಪಿಗೆಯದು, 100ರ ಇನ್ಸುಲಿನ್‌ಗೆ ಮಾಡಿದ್ದು. 20ರ ಗೆರೆಯವರೆಗೆ ಎಳೆದೆ, ಚುಚ್ಚಿದೆ. ಆ ಗೆರೆ ಅಂದರೆ 0.2 ಎಂ.ಎಲ್. ಅಜ್ಜಿಯ ಮೈಗೆ ಹೋಗಿದ್ದು ಬರೀ 8 ಯೂನಿಟ್.

ಸಿರಿಂಜ್ ಬಿಸಾಡುವಾಗ ಟೊಪ್ಪಿಗೆಯ ಬಣ್ಣ ಕಣ್ಣಿಗೆ ಬಿತ್ತು. ಎದೆ ಧಸಕ್ ಎಂದಿತು. ಏನು ಮಾಡಿದೆ ಗೊತ್ತಾ? ಬಟ್ಟೆ ಇಡುವ ಕೋಣೆಗೆ ಹೋಗಿ ಬೆಡ್‌ಶೀಟ್ ಎಣಿಸುತ್ತಾ ನಿಂತೆ. ಅರ್ಧ ಗಂಟೆ! ಭಯ ಒಂದು ಕಡೆ. ಇನ್ನೊಂದು ಕಡೆ, ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳೋದು ಅಂತ. 'ಮ್ಯಾಡಮ್, ಐ ಹ್ಯಾವ್' ಅನ್ನುವಲ್ಲಿಗೆ ವಾಕ್ಯ ನಿಂತುಬಿಡುತ್ತಿತ್ತು. ಕೊನೆಗೆ ಕನ್ನಡದಲ್ಲೇ ಹೇಳಿದೆ. ಸಿಸ್ಟರ್ ಇಡೀ ವಾರ್ಡಿಗೆ ಕೇಳುವಂತೆ ಬೈದರು. ಹಾಗೆ ಬೈಯಬಾರದಿತ್ತು ಅಂತ ಈಗಲೂ ಅನ್ನಿಸುತ್ತದೆ. ಡಾಕ್ಟರು ಬಂದು ಶುಗರ್ ನೋಡಿಸಿದರು, ಮುನ್ನೂರು ದಾಟಿತ್ತು. ಡೋಸ್ ಸರಿ ಮಾಡಿದರು. ಅಜ್ಜಿಗೆ ಏನೂ ಆಗಲಿಲ್ಲ. ಇದೇ ಉಲ್ಟಾ ಆಗಿದ್ದರೆ? 100ರ ಬಾಟಲಿಗೆ ಕೆಂಪು ಸಿರಿಂಜ್ ಹಾಕಿದ್ದರೆ, ಅದರಲ್ಲಿ 20ರ ಗೆರೆ ಅಂದರೆ 0.5 ಎಂ.ಎಲ್., 50 ಯೂನಿಟ್ ಹೋಗುತ್ತಿತ್ತು. ಆಗ ಶುಗರ್ ಇಳಿದು ಅಜ್ಜಿ ಬೆವರಿ ಎಚ್ಚರ ತಪ್ಪುವ ಹೊತ್ತಿಗೂ ನಾನು ಬೆಡ್‌ಶೀಟ್ ಎಣಿಸುತ್ತಲೇ ಇರುತ್ತಿದ್ದೆನೇನೋ.

ಆದ್ದರಿಂದ ತಪ್ಪಾಯಿತು ಅಂತ ಗೊತ್ತಾದ ಕೂಡಲೇ ಪೇಷಂಟ್ ಹತ್ತಿರ ಹೋಗಿ. ಮಾತಾಡಿಸಿ, ಉಸಿರು, ನಾಡಿ, ಬಿ.ಪಿ. ನೋಡಿ. ಡ್ರಿಪ್‌ನಲ್ಲಿ ತಪ್ಪು ಔಷಧಿ ಹೋಗುತ್ತಿದ್ದರೆ ಕ್ಲ್ಯಾಂಪ್ ಹಾಕಿ ನಿಲ್ಲಿಸಿ, ಅಲ್ಲಿಂದಲೇ ಸಿಸ್ಟರನ್ನು ಕರೆಯಿರಿ. ಹೇಳುವ ಮಾತನ್ನು ಈಗಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ: 'ಸಿಸ್ಟರ್, ಇಂಥ ಬೆಡ್‌ಗೆ ಇಂಥದ್ದು ಕೊಡಬೇಕಿತ್ತು, ನಾನು ಇಂಥದ್ದು ಕೊಟ್ಟೆ, ಇಷ್ಟು ಗಂಟೆಗೆ.' ಅಷ್ಟೇ. ಯಾಕೆ, ಹೇಗೆ, ಯಾರು ಕರೆದರು, ಗಮನ ಎಲ್ಲಿ ಹೋಯಿತು, ಅದೆಲ್ಲ ಆಮೇಲೆ. ಕನ್ನಡದಲ್ಲಿ ಹೇಳಿದರೆ ಯಾರೂ ಮಾರ್ಕ್ಸ್ ಕಡಿಮೆ ಮಾಡುವುದಿಲ್ಲ. ಆಮೇಲೆ ಚಾರ್ಟಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯಿರಿ, ಇನ್ಸಿಡೆಂಟ್ ರಿಪೋರ್ಟ್ ಕೇಳಿದರೆ ಅದನ್ನೂ. ಹಳೆಯದನ್ನು ಗೀಚಿ ಅಳಿಸಬೇಡಿ. ಅಳು ಬಂದರೆ ಇದೆಲ್ಲ ಆದ ಮೇಲೆ ಧಾರಾಳವಾಗಿ ಅಳಿ.

ಕೈ ನಡುಗುವ ವಿಷಯಕ್ಕೆ ಬರೋಣ. ಅರ್ಧ ನಡುಕ ಹೊಟ್ಟೆ ಖಾಲಿಯಿಂದ. ಬೆಳಗಿನ ಡ್ಯೂಟಿ ಅಂತ ಚಹಾ ಕುಡಿದು ಓಡಿ ಬರುತ್ತೀರಲ್ಲ, ಅದನ್ನು ಬಿಡಿ. ಅರ್ಧ ರೊಟ್ಟಿ, ಶೇಂಗಾ ಚಟ್ನಿಯಾದರೂ ತಿಂದು ಬನ್ನಿ. ಇನ್ನರ್ಧ ನಡುಕಕ್ಕೆ ನಾನು ಮಾಡಿದ್ದು ಇಷ್ಟು: ಸೂಜಿ ಹಿಡಿಯುವ ಮುಂಚೆ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು, ಮೂರು ಸಲ. ಆಮೇಲೆ ಸಣ್ಣ ದನಿಯಲ್ಲಿ ಓದಿಕೊಳ್ಳುವುದು. ಪೇಷಂಟ್ ಯಾರು, ಔಷಧಿ ಯಾವುದು, ಎಷ್ಟು, ಯಾವ ದಾರಿಯಲ್ಲಿ (ಬಾಯಿಗೋ, ಸೂಜಿಯಲ್ಲೋ), ಯಾವ ಹೊತ್ತಿಗೆ. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಇಬ್ಬರು ಶಾಂತವ್ವ ಇರುವುದು ಮಾಮೂಲು. 'ನೀವು ಶಾಂತವ್ವ ಅಲ್ವಾ?' ಅಂತ ಕೇಳಬೇಡಿ, ಕಿವಿ ಕೇಳದ ಅಜ್ಜಿಯೂ 'ಹ್ಞೂಂ' ಅಂದುಬಿಡುತ್ತಾಳೆ. 'ನಿಮ್ಮ ಪೂರ್ತಿ ಹೆಸರೇನ್ರಿ?' ಅಂತ ಕೇಳಿ, ಆಸ್ಪತ್ರೆಗೆ ಸೇರಿಸಿಕೊಂಡಾಗ ಕೊಟ್ಟ ಐ.ಪಿ. ನಂಬರ್ ಕೂಡ ನೋಡಿ.

ಲೆಕ್ಕವನ್ನು ಮಾತ್ರ ತಲೆಯಲ್ಲಿ ಮಾಡಬೇಡಿ. 500 ಎಂ.ಎಲ್. ಡ್ರಿಪ್ ನಾಲ್ಕು ಗಂಟೆಯಲ್ಲಿ ಮುಗಿಯಬೇಕು, ಸೆಟ್ ಒಂದು ಎಂ.ಎಲ್.ಗೆ 20 ಹನಿಯದು ಅಂದರೆ 500 ಗುಣಿಸು 20, ಭಾಗಿಸು 240 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ. ಇಂಥದ್ದನ್ನೆಲ್ಲ ಕಿಸೆಯಲ್ಲಿನ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ನೋಡಿಕೊಂಡು ಮಾಡಿದರೆ ನಾಚಿಕೆಯೇನಿಲ್ಲ, ನಾನು ಈಗಲೂ ನೋಡುತ್ತೇನೆ.

ಹಾಸ್ಟೆಲ್‌ನಲ್ಲಿ ರಾತ್ರಿ ಅದೇ ದೃಶ್ಯ ಮತ್ತೆ ಮತ್ತೆ ಬರುತ್ತದೆ. ನನಗೆ ಕಿತ್ತಳೆ ಬಣ್ಣ ಬರುತ್ತಿತ್ತು. ರೂಮ್‌ಮೇಟ್ 'ಬಿಡೇ, ಸುಮ್ನೆ ಮಲಗು' ಅಂದರೆ ಬಿಡಲಿಕ್ಕಾಗುವುದಿಲ್ಲ. ಆಗ ಎದ್ದು ಮೂರು ಸಾಲು ಬರೆಯಿರಿ: ಏನಾಯಿತು, ಯಾಕಾಯಿತು, ನಾಳೆ ಏನು ಬೇರೆ ಮಾಡುತ್ತೇನೆ. ನನ್ನ ಮೂರನೇ ಸಾಲು 'ಮೊದಲು ಬಾಟಲಿ ಓದು, ಆಮೇಲೆ ಸಿರಿಂಜ್ ತೆಗಿ' ಅಂತಿತ್ತು. ಎರಡು ವಾರವಾದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಡ್ಯೂಟಿ ಅಂದರೆ ವಾಂತಿ ಬರುತ್ತಿದೆ ಅಂದರೆ ನೋಟ್‌ಬುಕ್ ಸಾಲದು. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್. ಕಾಸಿಲ್ಲ, ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಆ ರಾತ್ರಿಯೇ ಮಾಡಿ, ರೂಮ್‌ಮೇಟನ್ನೂ ಎಬ್ಬಿಸಿ.

ಮರುದಿನ ರಜೆ ಹಾಕಬೇಡಿ, ಸಾಧ್ಯವಾದರೆ ಅದೇ ಬೆಡ್‌ಗೆ ಹೋಗಿ. ನನಗಂತೂ ಆ ಹತ್ತು ಹೆಜ್ಜೆ ಗೋಳಗುಮ್ಮಟದ ಮೆಟ್ಟಿಲಿಗಿಂತ ಜಾಸ್ತಿ ಅನ್ನಿಸಿತ್ತು. ಹಿಂದಿನ ದಿನದ ಬೈಗುಳವನ್ನೆಲ್ಲ ಅಜ್ಜಿ ಮಲಗಿದಲ್ಲೇ ಕೇಳಿಸಿಕೊಂಡಿದ್ದಳು. ನಾನು ಟ್ರೇ ಹಿಡಿದು ನಿಂತ ಕೂಡಲೇ ಸೆರಗು ಸರಿಸಿ ತೋಳು ಚಾಚಿದಳು.

'ಇವತ್ತ ಯಾವ ಟೊಪ್ಪಿಗೀದು ತಂದಿಯವ್ವಾ?'

ಕೆಂಪು ಟೊಪ್ಪಿಗೆ ತೋರಿಸಿದೆ. 'ಹಾಂ, ಹಗೂರಕ ಚುಚ್ಚು' ಅಂದಳು.